ಪಿಟ್ಸ್‌ಬರ್ಗ್ ಪೈರೇಟ್ಸ್: ಒಂದು ಹೋಂ ರನ್ನಿನಾಚೆ

ಪಿಟ್ಸ್‌ಬರ್ಗ್ ಪೈರೇಟ್ಸ್ ವೃತ್ತಿಪರ ಬೇಸ್‌ಬಾಲ್‌ಗೆ ಇಳಿದದ್ದು 1882ರಲ್ಲಿ. ನ್ಯಾಷನಲ್ ಲೀಗ್ ಸೇರಿದ್ದು 1887ರಲ್ಲಿ. ಬೇರೆ ತಂಡ ತನ್ನವನೆಂದುಕೊಂಡಿದ್ದ ಆಟಗಾರನೊಬ್ಬನನ್ನು ಸೆಳೆದುಕೊಂಡದ್ದಕ್ಕೆ ಎದುರಾಳಿಗಳು ಕಡಲ್ಗಳ್ಳರೆಂದು ಜರೆದರು. ಹೆಸರು ಅಲ್ಲಿಂದಲೇ ಬಂತು. 1903ರ ಮೊಟ್ಟಮೊದಲ ವರ್ಲ್ಡ್ ಸೀರೀಸ್‌ನಲ್ಲಿ ತಂಡ ಬಾಸ್ಟನ್‌ಗೆ ಸೋತಿತು. ಫೋರ್ಬ್ಸ್ ಫೀಲ್ಡ್ ಮೈದಾನ ತೆರೆದ 1909ರಲ್ಲಿ 110 ಪಂದ್ಯ ಗೆದ್ದು, ಡೆಟ್ರಾಯಿಟ್ ತಂಡವನ್ನು ಮಣಿಸಿ ಚಾಂಪಿಯನ್ ಆಯಿತು. ಆ ಕಾಲದ ದೈತ್ಯ ಹೋನಸ್ ವ್ಯಾಗ್ನರ್. ಇಂದು ಅವರ ಆಟಕ್ಕಿಂತ ಅವರ ಚಿತ್ರವಿರುವ ಸಿಗರೇಟು ಕಾರ್ಡಿನ ಹರಾಜು ಬೆಲೆಯೇ ಹೆಚ್ಚು ಸುದ್ದಿಯಾಗುತ್ತದೆ ಎಂಬುದು ಬೇರೆ ಮಾತು. 1921ರ ಆಗಸ್ಟ್ 5ರಂದು ಮೇಜರ್ ಲೀಗ್ ಪಂದ್ಯವೊಂದು ಮೊದಲ ಸಲ ರೇಡಿಯೊದಲ್ಲಿ ಬಿತ್ತರವಾದದ್ದೂ ಫೋರ್ಬ್ಸ್ ಫೀಲ್ಡ್‌ನಿಂದಲೇ. 1925ರಲ್ಲಿ ಎರಡನೆಯ ಪಟ್ಟ ಬಂತು. ಆಮೇಲೆ ಮೂವತ್ತೈದು ವರ್ಷ ಬರಗಾಲ.

ತಂಡದ ಚರಿತ್ರೆಗಳು ಈ ಅವಧಿಯನ್ನು ನಾಲ್ಕು ಸಾಲಿನಲ್ಲಿ ದಾಟಿಬಿಡುತ್ತವೆ. ಆ ಅವಸರದಲ್ಲಿ ಬಿಟ್ಟುಹೋಗುವುದು, ಅದೇ ಊರಿನಲ್ಲಿ ಆಡುತ್ತಿದ್ದ ಹೋಮ್‌ಸ್ಟೆಡ್ ಗ್ರೇಸ್ ಮತ್ತು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಎಂಬ, ಮೇಜರ್ ಲೀಗ್ ಹೊರಗಿಟ್ಟಿದ್ದ ಕಪ್ಪು ಆಟಗಾರರ ನೀಗ್ರೊ ಲೀಗ್ ತಂಡಗಳು. ಪೈರೇಟ್ಸ್ ಪರವೂರಿಗೆ ಹೋದಾಗ ಗ್ರೇಸ್ ಫೋರ್ಬ್ಸ್ ಫೀಲ್ಡ್‌ನಲ್ಲೇ ಆಡುವುದಿತ್ತು. ಗ್ರೇಸ್‌ನ ಕ್ಯಾಚರ್ ಜೋಶ್ ಗಿಬ್ಸನ್‌ಗೆ ಆ ಮೈದಾನ ದಕ್ಕಿತು, ಪೈರೇಟ್ಸ್ ಅಂಗಿ ದಕ್ಕಲಿಲ್ಲ. ಆ ಅಡ್ಡಗೋಡೆ ಮುರಿದ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಪರ ಕಣಕ್ಕಿಳಿಯುವ ಮೂರು ತಿಂಗಳ ಮುಂಚೆ, 1947ರ ಜನವರಿಯಲ್ಲಿ, 35ರ ಹರೆಯದಲ್ಲೇ ಅವರು ತೀರಿಕೊಂಡರು. ಅವರ ಅಂಕಿ-ಅಂಶಗಳು ಮೇಜರ್ ಲೀಗ್ ದಾಖಲೆಗೆ ಸೇರಿದ್ದು 2024ರಲ್ಲಿ. ಪೈರೇಟ್ಸ್ ಪರ ಕಪ್ಪು ಆಟಗಾರ ಕರ್ಟ್ ರಾಬರ್ಟ್ಸ್ ಆಡಿದ್ದು 1954ರಲ್ಲಿ.

ಜನಪ್ರಿಯ ಬರಹಗಳಿಗೆ ಪೈರೇಟ್ಸ್ ಎಂದರೆ 1960ರ ಅಕ್ಟೋಬರ್ 13 ಅಷ್ಟೇ. ಅಂದಿನದು ನ್ಯೂಯಾರ್ಕ್ ಯಾಂಕೀಸ್ ಎದುರಿನ ಏಳನೆಯ ಪಂದ್ಯ. ಎಂಟನೆಯ ಇನ್ನಿಂಗ್ಸ್‌ನಲ್ಲಿ ನೆಲಕ್ಕೆ ಬಡಿದ ಚೆಂಡೊಂದು ಅಡ್ಡಾದಿಡ್ಡಿ ಪುಟಿದು ಯಾಂಕೀಸ್‌ನ ಟೋನಿ ಕುಬೆಕ್ ಅವರ ಗಂಟಲಿಗೆ ಅಪ್ಪಳಿಸಿತು; ಆಟ ಅಲ್ಲಿಂದ ತಿರುಗಿತು. ಒಂಬತ್ತನೆಯದರಲ್ಲಿ, 9-9 ಸಮವಾಗಿದ್ದಾಗ, ಬಿಲ್ ಮಜೆರೋಸ್ಕಿ ಚೆಂಡನ್ನು ಎಡಗೋಡೆಯಾಚೆ ಕಳಿಸಿದರು. ಸರಣಿಯಲ್ಲಿ ಯಾಂಕೀಸ್ 55 ರನ್ ಗಳಿಸಿತ್ತು, ಪೈರೇಟ್ಸ್ ಬರೀ 27, ಗೆದ್ದದ್ದು ಪೈರೇಟ್ಸ್. ಸೆಕೆಂಡ್ ಬೇಸ್ ಕಾಯುವುದರಲ್ಲಿ ಮಜೆರೋಸ್ಕಿಯವರಿಗೆ ಸಾಟಿಯಿರಲಿಲ್ಲ. ಆ ಒಂದು ಹೊಡೆತ ಅವರ ಹದಿನೇಳು ವರ್ಷದ ಫೀಲ್ಡಿಂಗನ್ನೇ ಮರೆಸಿತು. ಏಳೂ ಪಂದ್ಯಗಳಲ್ಲಿ ಹಿಟ್ ಗಳಿಸಿದ್ದ ರೊಬರ್ಟೊ ಕ್ಲೆಮೆಂಟೆ ಅವರಿಗೆ ಆ ವರ್ಷದ ಎಂವಿಪಿ (ಅತ್ಯಮೂಲ್ಯ ಆಟಗಾರ) ಮತದಾನದಲ್ಲಿ ಸಿಕ್ಕಿದ್ದು ಎಂಟನೆಯ ಸ್ಥಾನ.

ಪೋರ್ಟೊರಿಕೊದ ಕ್ಲೆಮೆಂಟೆ ಬ್ರೂಕ್ಲಿನ್ ತಂಡದ ಕೈತಪ್ಪಿ 1954ರ ನವೆಂಬರ್‌ನಲ್ಲಿ ಪೈರೇಟ್ಸ್ ಪಾಲಾದವರು. ರಾಬಿನ್ಸನ್‌ರನ್ನು ಬ್ರೂಕ್ಲಿನ್‌ಗೆ ತಂದಿದ್ದ ಬ್ರ್ಯಾಂಚ್ ರಿಕಿ ಆಗ ಪಿಟ್ಸ್‌ಬರ್ಗಿನಲ್ಲಿದ್ದರು. ರಿಕಿ ತಂಡ ಬಿಟ್ಟ ಮೇಲೂ ಅವರ ಸ್ಕೌಟ್ ಹೋವಿ ಹಾಕ್ ಕೆರಿಬಿಯನ್ ದ್ವೀಪಗಳಲ್ಲಿ, ಪನಾಮಾದಲ್ಲಿ ಹುಡುಗರನ್ನು ಹುಡುಕುತ್ತ ಅಲೆದರು. ತಂಡದ ನಿಜವಾದ ಹೊನ್ನಿನ ಕಾಲಕ್ಕೆ ಬುನಾದಿ ಈ ಅಲೆದಾಟವೇ.

1971ರ ಸೆಪ್ಟೆಂಬರ್ 1ರಂದು ಫಿಲಡೆಲ್ಫಿಯಾ ಎದುರು ಪೈರೇಟ್ಸ್ ಇಳಿಸಿದ ಒಂಬತ್ತೂ ಮಂದಿ ಕಪ್ಪು ಅಥವಾ ಲ್ಯಾಟಿನ್ ಆಟಗಾರರು: ಸ್ಟೆನೆಟ್, ಕ್ಲೈನ್ಸ್, ಕ್ಲೆಮೆಂಟೆ, ಸ್ಟಾರ್ಜೆಲ್, ಸ್ಯಾಂಗಿಯೆನ್, ಕ್ಯಾಶ್, ಆಲಿವರ್, ಹೆರ್ನಾಂಡೆಸ್, ಪಿಚರ್ ಡಾಕ್ ಎಲ್ಲಿಸ್. ಮೇಜರ್ ಲೀಗ್‌ನಲ್ಲಿ ಅದೇ ಮೊದಲು. ಎಡಗೈ ಪಿಚರ್ ಎದುರಾದಾಗ ಸಾಮಾನ್ಯವಾಗಿ ಫಸ್ಟ್ ಬೇಸ್‌ನಲ್ಲಿ ನಿಲ್ಲುತ್ತಿದ್ದುದು ಬಿಳಿಯರಾದ ಬಾಬ್ ರಾಬರ್ಟ್‌ಸನ್. ಅಂದು ಮ್ಯಾನೇಜರ್ ಡ್ಯಾನಿ ಮರ್ಟಾ ಆಲಿವರ್ ಅವರನ್ನು ಇಳಿಸಿದರು. ಆಟ ಒಂದಷ್ಟು ಸಾಗುವವರೆಗೆ ಆಟಗಾರರಿಗೇ ಇದು ಹೊಳೆದಿರಲಿಲ್ಲ. ಎಲ್ಲಿಸ್ ಎರಡನೆಯ ಇನ್ನಿಂಗ್ಸ್‌ನಲ್ಲೇ ಹೊರನಡೆದರೂ ತಂಡ 10-7ರಿಂದ ಗೆದ್ದಿತು. ಊರಿನ ಪತ್ರಿಕೆಗಳು ಮುಷ್ಕರದಲ್ಲಿದ್ದುದರಿಂದ ಮರುದಿನ ಇದು ದೊಡ್ಡ ಸುದ್ದಿಯಾಗಲಿಲ್ಲ. ಇದನ್ನು ಆಕಸ್ಮಿಕ ಎನ್ನುವುದು ಈಗಿನ ವಾಡಿಕೆ. ಆ ರಾತ್ರಿಯ ಮಟ್ಟಿಗೆ ಅದು ಸರಿ. ಆದರೆ ಹಾಗೆ ಆರಿಸಲು ಅಂಥ ಒಂಬತ್ತು ಮಂದಿ ಒಂದೇ ಡಗೌಟ್‌ನಲ್ಲಿ ಇದ್ದದ್ದು ಆಕಸ್ಮಿಕವಲ್ಲ.

ಅದೇ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್ ಎದುರು ಮೊದಲೆರಡು ಪಂದ್ಯ ಸೋತ ತಂಡ ಸರಣಿಯನ್ನು ಏಳನೆಯ ಪಂದ್ಯದಲ್ಲಿ ಗೆದ್ದಿತು. ನಾಲ್ಕನೆಯದು ವರ್ಲ್ಡ್ ಸೀರೀಸ್ ಇತಿಹಾಸದ ಮೊದಲ ರಾತ್ರಿ ಪಂದ್ಯ. ಕ್ಲೆಮೆಂಟೆ ಮತ್ತೆ ಏಳೂ ಪಂದ್ಯಗಳಲ್ಲಿ ಹಿಟ್ ಗಳಿಸಿ, .414 ಸರಾಸರಿಯೊಂದಿಗೆ ಸರಣಿ ಶ್ರೇಷ್ಠರಾದರು. ಗೆದ್ದ ಮೇಲೆ ಟಿವಿ ಕ್ಯಾಮೆರಾ ಮುಂದೆ ಮೊದಲು ಸ್ಪ್ಯಾನಿಷ್‌ನಲ್ಲಿ ತಂದೆ-ತಾಯಿಯ ಆಶೀರ್ವಾದ ಕೇಳಿದರು. ಅವರ ಇಂಗ್ಲಿಷ್ ಉಚ್ಚಾರವನ್ನು ವರ್ಷಗಟ್ಟಲೆ ಆಡಿಕೊಂಡಿದ್ದ ವರದಿಗಾರರಿಗೆ ಅದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ. 1972ರ ಸೆಪ್ಟೆಂಬರ್ 30ರಂದು ಅವರ 3000ನೆಯ ಹಿಟ್ ಬಂತು. ಡಿಸೆಂಬರ್ 31ರಂದು, ಭೂಕಂಪದಲ್ಲಿ ನಲುಗಿದ ನಿಕರಾಗುವಾಗೆ ಪರಿಹಾರ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಅವರು ಅಸುನೀಗಿದರು. ಐದು ವರ್ಷ ಕಾಯುವ ನಿಯಮ ಸಡಿಲಿಸಿ 1973ರಲ್ಲೇ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.

1979ರ ಪಟ್ಟ ವಿಲ್ಲಿ ಸ್ಟಾರ್ಜೆಲ್ ಅವರದು. 39ರ ವಯಸ್ಸಿನ ಅವರು ಚೆನ್ನಾಗಿ ಆಡಿದವರ ಟೋಪಿಗೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸಲು ಕೊಡುತ್ತಿದ್ದರು. ಮತ್ತೆ ಬಾಲ್ಟಿಮೋರ್ ಎದುರಾಳಿ. 3-1ರ ಹಿನ್ನಡೆಯಿಂದ ಮೇಲೆದ್ದು ಗೆದ್ದದ್ದು ತಂಡದ ಐದನೆಯ ವರ್ಲ್ಡ್ ಸೀರೀಸ್. ಆರನೆಯದು ಇನ್ನೂ ಬಂದಿಲ್ಲ.

ಉಳಿದದ್ದು ಬೇಗ ಹೇಳಿ ಮುಗಿಸಬಹುದಾದ ಕಥೆ. 1992ರಲ್ಲಿ ಅಟ್ಲಾಂಟಾ ಎದುರು ಕೊನೆಯ ಗಳಿಗೆಯಲ್ಲಿ ಸೋತ ಬೆನ್ನಿಗೇ ಬ್ಯಾರಿ ಬಾಂಡ್ಸ್ ತಂಡ ಬಿಟ್ಟರು. ಮುಂದಿನ ಇಪ್ಪತ್ತು ಋತುಗಳಲ್ಲೂ ಗೆಲುವಿಗಿಂತ ಸೋಲೇ ಹೆಚ್ಚು. 2008ರಲ್ಲಿ ಟಿವಿ ಸ್ಪರ್ಧೆಯೊಂದರಿಂದ ಬಂದ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಅವರೊಂದಿಗೆ ತಂಡ ಒಪ್ಪಂದ ಮಾಡಿಕೊಂಡಿತು. ಅವರ ಕಥೆಯನ್ನು ಡಿಸ್ನಿ ಸಿನಿಮಾ ಮಾಡಿತು. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. 2013ರಿಂದ 2015ರವರೆಗೆ ಸತತ ಮೂರು ವರ್ಷ ತಂಡ ಪ್ಲೇಆಫ್ ಕಂಡಿತು. 2024ರಲ್ಲಿ ಪಿಚರ್ ಪಾಲ್ ಸ್ಕೀನ್ಸ್ ನ್ಯಾಷನಲ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದರು. ತಂಡ ಮಾತ್ರ ಆ ವರ್ಷವೂ ತನ್ನ ವಿಭಾಗದ ಕೊನೆಯ ಸ್ಥಾನದಲ್ಲೇ ಉಳಿಯಿತು.