ಸೋರಿಕೆ ತಡೆಯುವ ರೂಢಿಗಳು: ಕೈತೊಳೆಯುವುದು ಮತ್ತು ಮಗುವಿನ ರೋಗನಿರೋಧಕ ಶಕ್ತಿ

ಮಕ್ಕಳ ರೋಗನಿರೋಧಕ ಶಕ್ತಿಯ ಬಗ್ಗೆ ಮಾತಾಡುವಾಗಲೆಲ್ಲ ‘ಹೆಚ್ಚಿಸುವುದು’ ಎಂಬ ಪದವೇ ಮುಂದಾಗುತ್ತದೆ. ಪುಷ್ಟಿಪುಡಿಯ ಡಬ್ಬಿಗಳ ಮೇಲೂ ಅದೇ ಇರುತ್ತದೆ. ಆದರೆ ಆರೋಗ್ಯವಂತ ಮಗುವಿನ ದೇಹ ಈ ಶಕ್ತಿಯನ್ನು ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡದ್ದು ಪದೇ ಪದೇ ಬರುವ ಸೋಂಕಿನಲ್ಲಿ, ಸಾಲದ ಊಟದಲ್ಲಿ ಸೋರಿಹೋಗುತ್ತದೆ. ದಿನನಿತ್ಯದ ರೂಢಿಗಳ ಬೆಲೆ ಇರುವುದು ಆ ಸೋರಿಕೆಯನ್ನು ತಡೆಯುವುದರಲ್ಲಿ ಎಂಬುದು ಈ ಲೇಖನದ ಪ್ರತಿಪಾದನೆ.

ಇದಕ್ಕೆ ಗಟ್ಟಿಯಾದ ಪುರಾವೆ ಸಿಗುವುದು ಕರಾಚಿಯಲ್ಲಿ. ಸ್ಟೀಫನ್ ಲೂಬಿ ಮತ್ತು ಸಂಗಡಿಗರು ಅಲ್ಲಿನ ಬಡ ವಸತಿಗಳಲ್ಲಿ ನಡೆಸಿದ ಅಧ್ಯಯನ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು 600 ಮನೆಗಳಿಗೆ ಸಾಬೂನು ಕೊಟ್ಟು, ಕಾರ್ಯಕರ್ತರು ಒಂದು ವರ್ಷ ವಾರವಾರವೂ ಮನೆಗೆ ಹೋಗಿ ಕೈತೊಳೆಯುವ ಬಗ್ಗೆ ತಿಳಿಹೇಳಿದರು. 300ರಷ್ಟು ಮನೆಗಳನ್ನು ಹೋಲಿಕೆಗೆ ಇಟ್ಟುಕೊಂಡರು. ಸಾಬೂನು ಪಡೆದ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕೆ ಇಳಿಯಿತು. ಹದಿನೈದರೊಳಗಿನವರಲ್ಲಿ ಭೇದಿ ಶೇ. 53ರಷ್ಟು ಕಡಿಮೆಯಾಯಿತು. ಅರ್ಧ ಮನೆಗಳಿಗೆ ಕೊಟ್ಟದ್ದು ಮಾಮೂಲಿ ಸಾಬೂನು, ಉಳಿದರ್ಧಕ್ಕೆ ಬ್ಯಾಕ್ಟೀರಿಯಾ ನಾಶಕ ಬೆರೆಸಿದ ಸಾಬೂನು. ಎರಡರ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದುಬಾರಿ ಸಾಬೂನಿಗೆ ಹಣ ಹೊಂದಿಸಲಾರದ ತಾಯಂದಿರಿಗೆ ಈ ಸಂಗತಿ ತಿಳಿಯಲೇಬೇಕು.

ಭೇದಿ ನಿಂತರೆ ಉಳಿಯುವುದು ನೀರು, ಲವಣ ಮಾತ್ರವಲ್ಲ. ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಲು ಇರುವುದು ಕರುಳಿನಲ್ಲಿ. ಕೊಳಕಿನಿಂದ ಬರುವ ಸೂಕ್ಷ್ಮಜೀವಿಗಳು ಬಿಡುವಿಲ್ಲದೆ ಒಳಹೊಕ್ಕಾಗ ಕರುಳಿನ ಒಳಪದರ ಸವೆದು ಉರಿಯೂತ ನೆಲೆನಿಲ್ಲುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಬಾಯಿಯ ಮೂಲಕ ಕೊಡುವ ಲಸಿಕೆಗಳು ಬಡ ದೇಶಗಳಲ್ಲಿ ಕಡಿಮೆ ಫಲ ಕೊಡುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ತಜ್ಞರು ಭಾವಿಸುತ್ತಾರೆ. ಬಾಯಿಯ ಪೋಲಿಯೊ ಲಸಿಕೆ ಭಾರತದ ಮಕ್ಕಳಲ್ಲಿ ನಿರೀಕ್ಷೆಗಿಂತ ಕಡಿಮೆ ಕೆಲಸ ಮಾಡುತ್ತದೆಂದು ವೆಲ್ಲೂರಿನ ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು.

ಹಾಗೆಂದು ಕೈತೊಳೆದರೆ ಎಲ್ಲವೂ ಆಯಿತೆಂದಲ್ಲ. ಬಾಂಗ್ಲಾದೇಶ, ಕೆನ್ಯಾ, ಜಿಂಬಾಬ್ವೆಗಳ ಹಳ್ಳಿಗಳಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ನೀರು, ಶೌಚಾಲಯ, ಕೈತೊಳೆಯುವಿಕೆಯಿಂದಷ್ಟೇ ಮಕ್ಕಳ ಎತ್ತರ ಹೆಚ್ಚಲಿಲ್ಲ. ಊಟವೂ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆಲ್ಲ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ಆದರೂ ಆ ಕೊರತೆ ಇದ್ದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಕೋಶಗಳೂ ಸೊರಗುತ್ತವೆ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಅದರಲ್ಲಿನ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ, ಊಟದ ಜೊತೆಗೆ ಚಹಾ ಕುಡಿದರೆ ಕುಗ್ಗುತ್ತದೆ. ನಿದ್ದೆಯೂ ಅಷ್ಟೇ ಮುಖ್ಯ: ಮೂರು–ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಯಾವ ರೂಢಿಯೂ ಲಸಿಕೆಗೆ ಬದಲಿಯಲ್ಲ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಪಡೆಯದ 77 ಮಕ್ಕಳನ್ನು ದಡಾರಕ್ಕೆ ಮೊದಲು ಮತ್ತು ಆಮೇಲೆ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಇತರ ರೋಗಗಳ ವಿರುದ್ಧ ಅವರು ಗಳಿಸಿಕೊಂಡಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಅಳಿಸಿಹೋಗಿದ್ದವು. ಸೋರಿಕೆಗೆ ಇದಕ್ಕಿಂತ ಕಠೋರವಾದ ನಿದರ್ಶನ ನನಗೆ ಕಂಡಿಲ್ಲ.

ಕರಾಚಿಯ ಕಥೆಗೆ ಇನ್ನೊಂದು ಭಾಗವಿದೆ. ಪ್ರಯೋಗ ಮುಗಿದ ಮೇಲೆ ಸಂಶೋಧಕರು ಮತ್ತೆ ಆ ಮನೆಗಳಿಗೆ ಹೋದಾಗ, ಅಲ್ಲಿನವರು ಬೇರೆಯವರಿಗಿಂತ ಹೆಚ್ಚು ಸಾಬೂನನ್ನೇನೂ ಕೊಳ್ಳುತ್ತಿರಲಿಲ್ಲ. ಭೇದಿಯಲ್ಲೂ ವ್ಯತ್ಯಾಸ ಉಳಿದಿರಲಿಲ್ಲ. ತಿಳಿವಳಿಕೆ ತಾನಾಗಿ ರೂಢಿಯಾಗದು. ಅಂಗನವಾಡಿಯ ಹೊಣೆ ಹೊತ್ತವರಲ್ಲಿ ಒಂದು ವಿನಂತಿ: ಗೋಡೆಗೆ ಭಿತ್ತಿಪತ್ರ ಅಂಟಿಸುವ ಮುನ್ನ ನಲ್ಲಿಯನ್ನು ಮೂರು ವರ್ಷದ ಮಗುವಿನ ಕೈಗೆಟಕುವ ಎತ್ತರಕ್ಕೆ ಇಳಿಸಿ, ತಿಂಗಳ ಖರ್ಚಿನ ಪಟ್ಟಿಗೆ ಸಾಬೂನನ್ನು ಸೇರಿಸಿ.