ಕೂಲಿ ಸಿಗದ ದ್ರಾಕ್ಷಿತೋಟ

ಮತ್ತಾಯನ ಶುಭಸಂದೇಶದ ಯಜಮಾನ ಸಂಜೆಗೆ ಬಂದ ಆಳಿಗೂ ಪೂರ್ತಿ ದಿನಗೂಲಿ ಕೊಟ್ಟನು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಬಳಿಯ ಗ್ರೂಟ್ ಕಾನ್‌ಸ್ಟಾನ್ಷಿಯಾ ತೋಟದಲ್ಲಿ ದುಡಿದವರು ಗುಲಾಮರು. ಕೂಲಿಯ ಮಾತೇ ಇರಲಿಲ್ಲ.

1685ರಲ್ಲಿ ಡಚ್ ಅಧಿಕಾರಿ ಸೈಮನ್ ವಾನ್ ಡರ್ ಸ್ಟೆಲ್‌ಗೆ ಆ ಭೂಮಿ ದೊರೆಯಿತು. 1778ರಲ್ಲಿ ಕೊಂಡ ಹೆಂಡ್ರಿಕ್ ಕ್ಲೂಟೆ ಮನೆಯನ್ನು ಹಿಗ್ಗಿಸಿದ. ಸುಣ್ಣ ಬಳಿದ ದಪ್ಪ ಗೋಡೆ, ಹುಲ್ಲಿನ ಮಾಡು, ಬಾಗಿಲ ನೆತ್ತಿಗೆ ಸುರುಳಿ ಅಂಚಿನ ಎತ್ತರದ ಮುಂಗೋಡೆ. ಚೆಲುವಾದ ಮನೆಯೇ, ಸಂದೇಹವಿಲ್ಲ. 1925ರಲ್ಲಿ ಸುಟ್ಟಾಗ ಮತ್ತೆ ಹಾಗೆಯೇ ಕಟ್ಟಿಸಿದರು.

ಕೇಪ್‌ನ ಗುಲಾಮರಲ್ಲಿ ನಮ್ಮ ಭಾರತದವರೂ ಅನೇಕರಿದ್ದರು. ಅವರ ಮನೆತನದ ಹೆಸರು ಯಾರಿಗೆ ಬೇಕಿತ್ತು? ದಾಖಲೆಗಳಲ್ಲಿ 'ವಾನ್ ಬೆಂಗಾಲೆನ್', 'ವಾನ್ ಮಲಬಾರ್' ಎಂದಷ್ಟೇ ಬರೆದರು: ಬಂಗಾಳದವನು, ಮಲಬಾರಿನವಳು. 1834ರಲ್ಲಿ ಬಿಡುಗಡೆಯ ಕಾನೂನು ಜಾರಿಗೆ ಬಂದ ಮೇಲೂ, ಕೆಲಸ ಕಲಿಯುವ ನೆಪದಲ್ಲಿ ಇನ್ನೂ ನಾಲ್ಕು ವರ್ಷ ಅವರು ಅದೇ ಧಣಿಗಳಿಗೆ ದುಡಿಯಬೇಕಾಯಿತು.