ಸುಖಕ್ಕೆ ಶಾಲೆ ಕಟ್ಟಿದ ಗ್ರೀಕರು

ಲಿಡಿಯಾದ ಸಿರಿವಂತ ದೊರೆ ಕ್ರೀಸಸ್ ತನ್ನ ಭಂಡಾರವನ್ನೆಲ್ಲ ತೋರಿಸಿ, ಲೋಕದಲ್ಲಿ ಎಲ್ಲರಿಗಿಂತ ಸುಖಿ ಯಾರೆಂದು ಅಥೆನ್ಸಿನ ಸೋಲನ್‌ನನ್ನು ಕೇಳಿದ ಕಥೆಯನ್ನು ಹೆರೊಡೋಟಸ್ ಹೇಳುತ್ತಾನೆ. ದೊರೆ ತನ್ನ ಹೆಸರನ್ನೇ ನಿರೀಕ್ಷಿಸಿದ್ದ. ಆದರೆ ಬಾಳು ಮುಗಿಯುವ ತನಕ ಯಾರನ್ನೂ ಸುಖಿ ಎನ್ನಲಾಗದು, ಅದೃಷ್ಟ ಯಾವ ಗಳಿಗೆಯಲ್ಲಿ ತಿರುಗೀತೋ ತಿಳಿಯದು ಎಂದುಬಿಟ್ಟ ಸೋಲನ್. ಹಳೆಯ ಗ್ರೀಕರಿಗೆ ಸುಖ ದೈವದ ಕೈಯಲ್ಲಿದ್ದ ವಸ್ತು. ಅದನ್ನು ಮನುಷ್ಯನ ಕೈಗೆ ತಂದು, ಕಲಿಯಬಹುದಾದ ವಿದ್ಯೆಯನ್ನಾಗಿಸಿದ್ದು ಸಾಕ್ರಟೀಸನ ನಂತರ ಬೆಳೆದ ತತ್ತ್ವಪಂಥಗಳು. ಆ ವಿದ್ಯೆಯನ್ನು ಅವರು ಕೂಡಿ ಕಲಿತರು, ಕೂಡಿ ಬಾಳಿದರು. ಅವರ ಮಾತುಗಳನ್ನು ಇಂದು ಬಿಡಿಬಿಡಿಯಾಗಿ ಓದುವಾಗ ನಮ್ಮ ಕಣ್ಣಿಗೆ ಬೀಳದೆ ಹೋಗುವುದು ಇದೇ.

ಸಾಕ್ರಟೀಸ್ ಏನನ್ನೂ ಬರೆಯಲಿಲ್ಲ. ಮಾರುಕಟ್ಟೆಯಲ್ಲಿ ನಿಂತು ಪ್ರಶ್ನೆ ಕೇಳಿದ. ಹಣ, ಹೆಸರುಗಳಿಗಿಂತ ಮೊದಲು ಆತ್ಮದ ಆರೈಕೆ ಆಗಬೇಕೆಂದ. ಕ್ರಿ.ಪೂ. 399ರಲ್ಲಿ ವಿಷ ಕುಡಿದು ತೀರಿಕೊಂಡಾಗ ಅವನ ಶಿಷ್ಯರು ಒಂದೊಂದು ದಿಕ್ಕಿಗೆ ಹೊರಟರು. ಸದ್ಗುಣವೊಂದಿದ್ದರೆ ಸುಖಕ್ಕೆ ಸಾಕು ಎಂದ ಆಂಟಿಸ್ಥನೀಸ್. ಈ ಕ್ಷಣ ಕೈಗೆಟುಕಿದ ಸುಖವನ್ನು ಅದಕ್ಕೆ ದಾಸನಾಗದೆ ಅನುಭವಿಸು ಎಂದ ಸೈರೀನಿನ ಅರಿಸ್ಟಿಪಸ್. ವಿವೇಕ, ಕೆಚ್ಚು, ಆಸೆ ಮೂರೂ ತಮ್ಮ ತಮ್ಮ ಜಾಗದಲ್ಲಿದ್ದು ಹೊಂದಿ ನಡೆಯುವ ಆತ್ಮವೇ ಸುಖಿ ಎಂದ ಪ್ಲೇಟೋ, ಕ್ರಿ.ಪೂ. 387ರ ಸುಮಾರಿಗೆ ಅಥೆನ್ಸಿನ ಹೊರಗಿನ ತೋಪಿನಲ್ಲಿ ಅಕಾಡೆಮಿಯನ್ನು ಕಟ್ಟಿದ.

ಅಲ್ಲೇ ಕಲಿತ ಅರಿಸ್ಟಾಟಲ್ ಕ್ರಿ.ಪೂ. 335ರಲ್ಲಿ ಲೈಸಿಯಂನಲ್ಲಿ ತನ್ನದೇ ಪಾಠ ಶುರುಮಾಡಿದ. ಅವನ ಪ್ರಕಾರ ಸುಖವೆಂದರೆ ಮನಸ್ಸಿನ ಒಂದು ಸ್ಥಿತಿಯಲ್ಲ. ಇಡೀ ಬಾಳಿನುದ್ದಕ್ಕೂ ಗುಣವಂತನಾಗಿ ನಡೆಯುವ ನಡೆ. ಧೈರ್ಯದ ಕೆಲಸ ಮಾಡುತ್ತಾ ಮಾಡುತ್ತಾ ಧೈರ್ಯವಂತರಾಗುತ್ತೇವೆ ಎಂಬ ಅವನ ಮಾತಿನಲ್ಲಿ ಅಭ್ಯಾಸಕ್ಕೇ ಪಟ್ಟ. ಆದರೂ ಅವನು ವಾಸ್ತವವಾದಿ. ಮಕ್ಕಳನ್ನೂ ರಾಜ್ಯವನ್ನೂ ಕಳೆದುಕೊಂಡ ಟ್ರಾಯ್‌ನ ಮುದಿ ದೊರೆ ಪ್ರಿಯಾಮನನ್ನು ಸುಖಿ ಎನ್ನಲು ಅವನು ಒಪ್ಪಲಿಲ್ಲ. ‘ನಿಕೊಮಾಕಿಯನ್ ಎಥಿಕ್ಸ್’ನ ಹತ್ತು ಭಾಗಗಳಲ್ಲಿ ಎರಡನ್ನು ಅವನು ಪೂರ್ತಿಯಾಗಿ ಗೆಳೆತನಕ್ಕೇ ಮೀಸಲಿಟ್ಟ.

ಕ್ರಿ.ಪೂ. 338ರಲ್ಲಿ ಕೈರೋನಿಯಾದ ಕಾಳಗದಲ್ಲಿ ಮ್ಯಾಸಿಡೋನಿಯಾದ ಫಿಲಿಪ್ ಗೆದ್ದ ಮೇಲೆ ನಗರರಾಜ್ಯಗಳ ಸ್ವಾತಂತ್ರ್ಯ ಕುಗ್ಗಿತು. ಊರಿನ ಆಗುಹೋಗು ಕೈತಪ್ಪಿದಾಗ, ಕೈಯಲ್ಲಿ ಉಳಿದಿರುವುದೇನು ಎಂಬ ಪ್ರಶ್ನೆ ಚುರುಕಾಯಿತು. ಸಿನಿಕ್ ಪಂಥದ ಡಯೋಜಿನೀಸ್ ದೊಡ್ಡ ಮಣ್ಣಿನ ಗುಡಾಣದಲ್ಲಿ ವಾಸಮಾಡಿ, ಬೇಕುಗಳನ್ನು ಕಳಚುತ್ತ ಹೋಗುವುದೇ ದಾರಿಯೆಂದು ಬಾಳಿ ತೋರಿಸಿದ. ಅಲೆಕ್ಸಾಂಡರನ ದಂಡಿನೊಂದಿಗೆ ಭಾರತದವರೆಗೂ ಬಂದಿದ್ದ ಪಿರ್ರೋ, ಯಾವುದರ ಬಗೆಗೂ ಕೊನೆಯ ತೀರ್ಪು ಕೊಡದಿದ್ದರೆ ಮನಸ್ಸು ತಾನೇ ತಿಳಿಯಾಗುತ್ತದೆ ಎಂದು ಕಂಡುಕೊಂಡ. ಶತಮಾನಗಳ ಮೇಲೆ ಆ ಪರಂಪರೆಯ ಸೆಕ್ಸ್ಟಸ್ ಎಂಪಿರಿಕಸ್ ಇದಕ್ಕೆ ಚಿತ್ರಕಾರ ಅಪೆಲಿಸ್‌ನ ಕಥೆಯನ್ನು ಕೊಟ್ಟ. ಕುದುರೆಯ ಬಾಯಿಯ ನೊರೆ ಎಷ್ಟು ಬಿಡಿಸಿದರೂ ಬಾರದೆ, ಬೇಸತ್ತ ಅಪೆಲಿಸ್ ಕುಂಚ ಒರೆಸುವ ಸ್ಪಂಜನ್ನು ಚಿತ್ರದ ಮೇಲೆಸೆದನಂತೆ; ಸ್ಪಂಜು ತಗುಲಿದಲ್ಲಿ ನೊರೆ ಮೂಡಿತ್ತು.

ಕ್ರಿ.ಪೂ. 306ರ ಸುಮಾರಿಗೆ ಅಥೆನ್ಸಿನಲ್ಲಿ ತೋಟ ಕೊಂಡು ನೆಲೆಸಿದ ಎಪಿಕ್ಯೂರಸ್‌ನಷ್ಟು ಅಪಾರ್ಥಕ್ಕೆ ಒಳಗಾದವರು ಕಡಿಮೆ. ಸುಖವೇ ಗುರಿ ಎಂದನಾದರೂ, ಅವನ ಸುಖವೆಂದರೆ ಮೈಗೆ ನೋವಿಲ್ಲದಿರುವುದು, ಮನಸ್ಸಿಗೆ ಕಳವಳವಿಲ್ಲದಿರುವುದು. ಆಸೆಗಳನ್ನು ಅವನು ಮೂರಾಗಿ ವಿಂಗಡಿಸಿದ. ಹಸಿವು ನೀಗುವಂಥವು ಸಹಜ, ಅಗತ್ಯ. ಬಗೆಬಗೆಯ ಭಕ್ಷ್ಯದ ಆಸೆ ಸಹಜ, ಆದರೆ ಅಗತ್ಯವಲ್ಲ. ಕೀರ್ತಿ, ಅಧಿಕಾರದ ಹಂಬಲ ಸಹಜವೂ ಅಲ್ಲ, ಅಗತ್ಯವೂ ಅಲ್ಲ. ದೇವರ ಭಯ, ಸಾವಿನ ಭಯ ಎರಡೂ ತಪ್ಪು ತಿಳಿವಳಿಕೆಯಿಂದ ಹುಟ್ಟುತ್ತವೆ. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ ಎಂಬುದು ಅವನ ವಾದ. ಹೆಂಗಸರಿಗೂ ಗುಲಾಮರಿಗೂ ಆ ತೋಟದಲ್ಲಿ ಜಾಗವಿತ್ತು. ಕ್ರಿ.ಪೂ. 270ರಲ್ಲಿ ಮೂತ್ರಕೋಶದ ಕಲ್ಲಿನಿಂದ ನರಳುತ್ತಾ ಸಾಯುವ ದಿನ ಗೆಳೆಯನಿಗೆ ಬರೆದ ಪತ್ರದಲ್ಲಿ, ನೋವು ಸಹಿಸಲಾಗದಷ್ಟಿದ್ದರೂ ನಮ್ಮ ಹಿಂದಿನ ಮಾತುಕತೆಗಳ ನೆನಪಿನ ಸಂತೋಷ ಅದಕ್ಕೆ ಎದುರಾಗಿ ನಿಂತಿದೆ ಎಂದ. ಪ್ರತಿ ತಿಂಗಳ 20ರಂದು ಬಳಗ ಸೇರಬೇಕೆಂದು ಉಯಿಲಿನಲ್ಲೂ ಬರೆಸಿದ.

ಸೈಪ್ರಸ್‌ನ ಝೆನೋ ಹಡಗು ಮುಳುಗಿ ಸರಕು ಕಳೆದುಕೊಂಡು ಅಥೆನ್ಸಿಗೆ ಬಂದ ವರ್ತಕನೆಂದು ಹೇಳುತ್ತಾರೆ. ಪುಸ್ತಕದಂಗಡಿಯಲ್ಲಿ ಸಾಕ್ರಟೀಸನ ಬಗೆಗಿನ ಬರಹ ಕೇಳಿ, ಇಂಥವರು ಎಲ್ಲಿ ಸಿಗುತ್ತಾರೆಂದ. ದಾರಿಯಲ್ಲಿ ಹೋಗುತ್ತಿದ್ದ ಸಿನಿಕ್ ಕ್ರೇಟಿಸ್‌ನನ್ನು ಅಂಗಡಿಯವನು ತೋರಿಸಿದ. ಮುಂದೆ ಕ್ರಿ.ಪೂ. 300ರ ಸುಮಾರಿಗೆ ಝೆನೋ ಮಾರುಕಟ್ಟೆಯ ಚಿತ್ರಮಂಟಪದಲ್ಲಿ, ಎಂದರೆ ಸ್ಟೋವಾದಲ್ಲಿ, ಬಯಲಿನಲ್ಲೇ ಪಾಠ ಹೇಳಿದ. ಸದ್ಗುಣವೊಂದೇ ಒಳಿತು, ಆರೋಗ್ಯ, ಹಣ ಸಿಕ್ಕರೆ ಸರಿ, ಸಿಗದಿದ್ದರೆ ಸುಖಕ್ಕೇನೂ ಕೊರತೆಯಿಲ್ಲ ಎಂಬುದು ಸ್ಟೋಯಿಕ್ ನಿಲುವು. ಅವನ ಉತ್ತರಾಧಿಕಾರಿ ಕ್ಲಿಯಾಂಥಿಸ್ ಹಗಲು ಕಲಿಯಲು ರಾತ್ರಿ ತೋಟಗಳಿಗೆ ನೀರು ಹೊತ್ತವನು. ಮೂರನೆಯ ಗುರು ಕ್ರಿಸಿಪಸ್ 700ಕ್ಕೂ ಹೆಚ್ಚು ಗ್ರಂಥ ಬರೆದನೆನ್ನುತ್ತಾರೆ; ಒಂದೂ ಪೂರ್ತಿಯಾಗಿ ಉಳಿದಿಲ್ಲ.

ಈ ಚಿಂತನೆ ರೋಮ್‌ಗೆ ದಾಟಿದಾಗ ಗುಲಾಮನಾಗಿದ್ದ ಎಪಿಕ್ಟೀಟಸ್ ಗುರುವಾದ. ನಮ್ಮ ತೀರ್ಮಾನ, ಬಯಕೆಗಳು ನಮ್ಮ ವಶ, ಮೈ ಮತ್ತು ಆಸ್ತಿ ಅಲ್ಲ ಎಂಬ ವಿಂಗಡಣೆಯಿಂದ ಅವನು ಪಾಠ ಆರಂಭಿಸುತ್ತಿದ್ದ. ಅವನನ್ನು ಓದಿ ಬೆಳೆದ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕ್ರಿ.ಶ. 176ರಲ್ಲಿ ಅಥೆನ್ಸಿನಲ್ಲಿ ಪ್ಲೇಟೋ, ಅರಿಸ್ಟಾಟಲ್, ಎಪಿಕ್ಯೂರಸ್ ಮತ್ತು ಸ್ಟೋಯಿಕ್ ಪಂಥಗಳಿಗೆ ಸರ್ಕಾರಿ ಸಂಬಳದ ಅಧ್ಯಾಪಕ ಪೀಠಗಳನ್ನು ಸ್ಥಾಪಿಸಿದ. ಎರಡನೆಯ ಶತಮಾನದಲ್ಲೇ, ಈಗಿನ ಟರ್ಕಿಯಲ್ಲಿರುವ ಈನೊಆಂಡ ಎಂಬ ಊರಿನಲ್ಲಿ ಮತ್ತೊಬ್ಬ ಡಯೋಜಿನೀಸ್, ತನ್ನೂರಿನವರಿಗೂ ಬರಹೋಗುವ ಪರಊರಿನವರಿಗೂ ನೆಮ್ಮದಿ ಸಿಗಲೆಂದು ಎಪಿಕ್ಯೂರಸ್‌ನ ಬೋಧನೆಯನ್ನು ಕಲ್ಲಿನ ಗೋಡೆಯ ಮೇಲೆ ಕೆತ್ತಿಸಿದ. ಅದರ ತುಂಡುಗಳು ಇಂದಿಗೂ ಉಳಿದಿವೆ. ಕ್ರಿ.ಶ. 529ರಲ್ಲಿ ಚಕ್ರವರ್ತಿ ಜಸ್ಟೀನಿಯನ್ ಅಥೆನ್ಸಿನಲ್ಲಿ ತತ್ತ್ವಬೋಧನೆಯನ್ನು ನಿಷೇಧಿಸಿದ.

ಆದರೂ ಎಳೆ ಕಡಿಯಲಿಲ್ಲ. 20ನೇ ಶತಮಾನದಲ್ಲಿ ಆಲ್ಬರ್ಟ್ ಎಲ್ಲಿಸ್, ಆರನ್ ಬೆಕ್ ರೂಪಿಸಿದ ಮನಃಚಿಕಿತ್ಸೆಗಳು ಸ್ಟೋಯಿಕರ ಋಣವನ್ನು ಒಪ್ಪಿಕೊಂಡಿವೆ: ಘಟನೆಗಿಂತ ಹೆಚ್ಚಾಗಿ ಅದರ ಬಗೆಗಿನ ನಮ್ಮ ಎಣಿಕೆಯೇ ನಮ್ಮನ್ನು ಕಾಡುತ್ತದೆ. ಸುಖವೋ ಸದ್ಗುಣವೋ ಎಂದು ಈ ಪಂಥಗಳು ಶತಮಾನಗಟ್ಟಲೆ ವಾದಿಸಿದವು. ಆದರೆ ಅರಿವಿಲ್ಲದ ಆಸೆ, ಪರೀಕ್ಷಿಸದ ನಂಬಿಕೆಗಳೇ ದುಃಖದ ಬೇರು, ಅವನ್ನು ದಿನದಿನವೂ ತಿದ್ದಿಕೊಳ್ಳಬೇಕು ಎಂಬುದರಲ್ಲಿ ಬಹುಪಾಲು ಒಂದೇ ಮಾತು. ಅದು ಒಬ್ಬಂಟಿಯಾಗಿ ಮಾಡುವ ಕೆಲಸವಲ್ಲ; ಮಾರ್ಕಸ್ ತನಗಾಗಿ ಬರೆದುಕೊಂಡ ಟಿಪ್ಪಣಿಗಳ ಮೊದಲ ಭಾಗವಿಡೀ ತಾನು ಯಾರಿಂದ ಏನು ಕಲಿತೆನೆಂಬ ನೆನಕೆ. ಗ್ರೀಕರ ದಾರಿ ಹಿಡಿಯಬೇಕೆನ್ನುವವರು ಅವರ ಸೂಕ್ತಿಗಳ ಜೊತೆಗೆ ಇದನ್ನೂ ಕಲಿಯಬೇಕು: ನಮ್ಮ ತಪ್ಪನ್ನು ತೋರಿಸಿಕೊಡುವ ಗೆಳೆಯರಿಲ್ಲದೆ ಈ ವಿದ್ಯೆ ಕೈಹತ್ತುವುದು ಕಷ್ಟ.